ಬಾರದ ಹಡಗಿನ ಸುದ್ದಿ

ಎಲ್ಮ್‌ಫೀಲ್ಡ್, ಸ್ಯಾಸ್ಕ್ಯಾಚೆವಾನ್
4 ಮೇ 2025

ಪ್ರೀತಿಯ ಅಕ್ಕ,

ಇಲ್ಲಿ ಹಿಮ ಕರಗಿ ಹೊಲವೆಲ್ಲ ಕೆಸರಾಗಿದೆ. ನಾನೂ ನನ್ನ ಲಾರಿಯೂ ಗಟ್ಟಿಯಾಗಿದ್ದೇವೆ.

ಕೆನಡಾದ ಚುನಾವಣೆಯ ಬಗ್ಗೆ ಬರೆದು ಕಳಿಸಬೇಕಂತೆ ಎಂದು ನೀನು ಫೋನ್ ಮಾಡಿದಾಗ ನಗು ಬಂತು. ಡೇರಿ ಕಾರ್ಯದರ್ಶಿ ಕೆಲಸದ ನಡುವೆ ನೀನು ಶಿಕಾರಿಪುರದ ಉಚ್ಚಂಗಪ್ಪನವರ ವಾರಪತ್ರಿಕೆ ‘ಬದುವಿನ ಸುದ್ದಿ’ಗೆ ಸೊರಬದ ವರದಿ ಬರೆಯುವುದು ಸರಿ. ರೈತರ ಮನೆಯಿಂದ ರೈಲಿನ ಉಗ್ರಾಣಕ್ಕೆ ಧಾನ್ಯ ಸಾಗಿಸುವ ಲಾರಿ ಡ್ರೈವರ್ ರಾಜಕೀಯ ಬರೆಯುವುದೆ? ಅದೂ ಕೈಬರಹದಲ್ಲಿ, ಕೆಳಗೆ ಸಹಿ ಹಾಕಿ! ಆಮೇಲೆ ಯೋಚಿಸಿದೆ. ದಿನವಿಡೀ ಸ್ಟಿಯರಿಂಗ್ ಹಿಡಿದು ರೇಡಿಯೊ ಕೇಳುವವನು ನಾನು. ಈ ದೇಶದ ಮಂತ್ರಿಗಳ ದನಿ ನನಗೆ ನಮ್ಮ ನೆಂಟರ ದನಿಗಿಂತ ಚೆನ್ನಾಗಿ ಗುರುತಿದೆ. ಆದ್ದರಿಂದ ಬರೆಯುತ್ತೇನೆ.

ನನಗೆ ಇಲ್ಲಿ ಮತವಿಲ್ಲ. ಆದರೂ ಎಣಿಕೆಯ ದಿನ ಸಂಜೆ ಓರೆಸ್ಟ್ ನನ್ನನ್ನು ಊರಿನ ಸಭಾಭವನಕ್ಕೆ ಕರೆದುಕೊಂಡು ಹೋದ. ಓರೆಸ್ಟ್ ಎಪ್ಪತ್ತು ದಾಟಿದ ರೈತ. ಅವನ ಬಟಾಣಿಯನ್ನು ಮೂರು ವರ್ಷದಿಂದ ನಾನೇ ಸಾಗಿಸುತ್ತಿದ್ದೇನೆ. ಇಲ್ಲಿ ಮತಪತ್ರ ಕಾಗದದ್ದು, ಗುರುತು ಪೆನ್ಸಿಲಿನದು, ಎಣಿಸುವುದು ಕೈಯಲ್ಲಿ. ಓರೆಸ್ಟನ ಪಕ್ಷ ಸೋತಿತು. ಅದರ ನಾಯಕರು ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಆದರೂ ಟೀವಿಯಲ್ಲಿ ಬಂದು, ಗೆದ್ದವರಿಗೆ ಅಭಿನಂದನೆ ಹೇಳಿದರು. ಓರೆಸ್ಟ್ ಎದ್ದು ಕಾಫಿ ಕಪ್ಪುಗಳನ್ನು ತೊಳೆಯತೊಡಗಿದ. ಪಕ್ಕದಲ್ಲಿ ನಿಂತು ಅವನ್ನು ಒರೆಸುತ್ತಿದ್ದವಳು ಗೆದ್ದ ಪಕ್ಷದ ಪರವಾಗಿ ಮನೆಮನೆ ತಿರುಗಿದ ಹೆಂಗಸು. ಇದನ್ನು ನೋಡಿ ನನಗೆ ಈ ಜನರ ಮೇಲೆ ತುಂಬ ಗೌರವ ಬಂತು.

ಹೊಗೆ ಕಡಿಮೆಯಾಗಲಿ ಎಂದು ಇಂಧನಕ್ಕೆ ಹಾಕಿದ್ದ ಇಂಗಾಲದ ತೆರಿಗೆ ಅಂತ ಇತ್ತು. ಏಪ್ರಿಲ್‌ನಿಂದ ಪೆಟ್ರೋಲಿನ ಮೇಲೆ ಅದನ್ನು ತೆಗೆದರು. ಆ ತೆರಿಗೆಯ ಹಣದಿಂದ ಸರ್ಕಾರ ಮನೆಮನೆಗೆ ಕಳಿಸುತ್ತಿದ್ದ ಚೆಕ್ಕೂ ನಿಂತಿತು. ‘ತೆರಿಗೆ ಹಾಕಿದಾಗಲೂ ಬೈದೆ, ಚೆಕ್ ನಿಂತಾಗಲೂ ಬೈದೆ, ನನ್ನನ್ನು ನಂಬಬೇಡ’ ಎನ್ನುತ್ತಾನೆ ಓರೆಸ್ಟ್.

ಒಂದು ಬೇಜಾರಿನ ವಿಷಯ. ಈ ಊರಿನ ವಾರಪತ್ರಿಕೆ ಮುಚ್ಚಿ ಎರಡು ವರ್ಷವಾಯಿತು. ಸರ್ಕಾರಕ್ಕೂ ಕಂಪನಿಗೂ ಜಗಳವಾಗಿ ಫೇಸ್‌ಬುಕ್ಕಿನಲ್ಲಿ ಪತ್ರಿಕೆಗಳ ಸುದ್ದಿ ಕಾಣುವುದೂ ನಿಂತಿದೆ. ಯಾರು ಯಾರೋ ನಡೆಸುವ ಪುಟಗಳು ಮಾತ್ರ ಉಳಿದಿವೆ. ಓರೆಸ್ಟ್ ಹೇಳಿದ: ‘ಮೊದಲು ಸುದ್ದಿ ತಪ್ಪಾದರೆ ಸಂಪಾದಕಿಯ ಮನೆಗೇ ಹೋಗಿ ಬೈದು ಬರುತ್ತಿದ್ದೆ. ಈಗ ಯಾರ ಮನೆಗೆ ಹೋಗಲಿ?’

ಅಚ್ಚಿಗೆ ಲಾಯಕ್ಕಿದ್ದರೆ ಹಾಕಿ.

ನಿನ್ನ ತಮ್ಮ,
ಹರ್ಷವರ್ಧನ


ಸೊರಬ
8 ಜೂನ್ 2025

ಪ್ರೀತಿಯ ಹರ್ಷ,

ನಿನ್ನ ಕಾಗದ ಮೂರನೆಯ ಪುಟದಲ್ಲಿ, ನಿನ್ನ ಹೆಸರಿನೊಂದಿಗೆ ಬಂದಿದೆ. ಪ್ರತಿ ಕಳಿಸುತ್ತಿದ್ದೇನೆ.

ಅದು ಅಚ್ಚಾಗುವ ಮೊದಲು ಆದದ್ದನ್ನು ಹೇಳಲೇಬೇಕು. ಬಸ್ಸಿಗೆ ಹೋಗಿ ಶಿಕಾರಿಪುರದ ಆಫೀಸಿನಲ್ಲಿ ಕಾಗದ ಕೊಟ್ಟೆ. ಉಚ್ಚಂಗಪ್ಪನವರು ಕನ್ನಡಕ ಏರಿಸಿಕೊಂಡು ಸಾಲುಸಾಲು ಓದಿದರು. ಒಂದೊಂದು ಸಾಲಿಗೂ ಬೆರಳಿಟ್ಟು, ‘ಇದು ಅವ ಕಣ್ಣಾರೆ ಕಂಡಿದ್ದೋ, ರೇಡಿಯೊದಾಗೆ ಕೇಳಿದ್ದೋ, ಅವ್ನ ಮನಸಿಗೆ ಅನಿಸಿದ್ದೋ?’ ಎಂದು ಕೇಳಿದರು. ಆ ಸೋತ ನಾಯಕರ ಮಾತನ್ನು ಇಡೀ ಕೆನಡಾವೇ ಮೆಚ್ಚಿತು ಎಂದು ನೀನು ಅಂಚಿನಲ್ಲಿ ಸೇರಿಸಿದ್ದೆಯಲ್ಲ, ಅಲ್ಲಿಗೆ ಬಂದಾಗ ಕೆಂಪು ಪೆನ್ನು ತೆಗೆದರು. ‘ಇಡೀ ಕೆನಡಾನ ಕೇಳ್ಕಂಡು ಬಂದಾನೇನವ್ವ ನಿನ್ ತಮ್ಮ?’ ಆ ಸಾಲು ಹೋಯಿತು. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ನಿನಗೆ ಬೇಸರವಾದೀತು ಎಂದು ನಾನು ಸ್ವಲ್ಪ ಮುಖ ಸಪ್ಪೆ ಮಾಡಿದೆ. ಅದನ್ನು ಗಮನಿಸಿ ಹೇಳಿದರು: ‘ನೋಡವ್ವ, ಫೋನ್‌ನಾಗೆ ಹೇಳಿದ್ದನ್ನ ನಾ ಅಚ್ಚು ಹಾಕಂಗಿಲ್ಲ. ಬರಿಯಾಕೆ ಕುಂತ್ರೆ ಮನುಷ್ಯ ಒಂದ್ ಸಾರಿ ತಡೀತಾನೆ. ಆ ತಡೆಯೋದಕ್ಕೇ ನಾನು ಕಾಗದ ಕೇಳೋದು.’

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಿನ್ನ ಕಾಗದದ ಮೇಲೆ ಚರ್ಚೆಯೋ ಚರ್ಚೆ. ತಾಳಗುಂದದ ಮಾಳೇಶಣ್ಣ, ‘ಪೆನ್ಸಿಲ್ ಗುರ್ತು ಉಜ್ಜಿಬಿಟ್ರೆ ಏನ್ ಮಾಡ್ತಾರಂತೆ, ಕೇಳಿ ಬರೀರಿ’ ಅಂದ. ಸೋತವನು ಕಪ್ಪು ತೊಳೆದದ್ದನ್ನು ಯಾರೂ ನಂಬಲಿಲ್ಲ. ‘ಹರ್ಷ ಕಣ್ಣಾರೆ ಕಂಡಿದ್ದು’ ಎಂದೆ. ‘ಹಂಗಾರೆ ಸರಿ’ ಅಂದರು. ಇಷ್ಟು ಬೇಗ ನಿನ್ನನ್ನು ನಂಬಿಬಿಟ್ಟರಲ್ಲ ಎಂದು ನನಗೆ ಖುಷಿಯೂ ಆಯಿತು, ಒಂದು ಥರ ಅಳುಕೂ ಆಯಿತು.

ಗುಡವಿ ಕೆರೆಗೆ ಹಕ್ಕಿಗಳು ಬರತೊಡಗಿವೆ. ಡೇರಿಗೆ ಹೋಗುವಾಗ ದಿನಾ ನೋಡುತ್ತೇನೆ. ಚೆನ್ನಾಗಿ ಊಟ ಮಾಡು.

ನಿನ್ನ ಅಕ್ಕ,
ನಾಗವೇಣಿ


ಎಲ್ಮ್‌ಫೀಲ್ಡ್
24 ಆಗಸ್ಟ್ 2025

ಪ್ರೀತಿಯ ಅಕ್ಕ,

ಮಾಳೇಶಣ್ಣನ ಪ್ರಶ್ನೆ ಕೇಳಿ ಬಂದೆ. ಎಲ್ಲ ಪಕ್ಷಗಳ ಏಜೆಂಟರ ಎದುರಿಗೇ ಪೆಟ್ಟಿಗೆ ತೆರೆಯುತ್ತಾರೆ, ಅವರ ಎದುರಿಗೇ ಎಣಿಸುತ್ತಾರೆ. ಬೇಕಾದರೆ ಮತದಾರ ಸ್ವಂತ ಪೆನ್ನು ತರಬಹುದು. ಇದು ಕಪ್ಪು ಒರೆಸಿದ ಹೆಂಗಸು ಹೇಳಿದ್ದು, ನಾನು ಕಂಡದ್ದಲ್ಲ.

ಕಟಾವು ಶುರುವಾಗಿದೆ. ಪಕ್ಕದ ದೊಡ್ಡ ದೇಶ ಸುಂಕ ಹಾಕಿತು, ಚೀನಾವೂ ಹಾಕಿತು. ಬಟಾಣಿಯ ಮೇಲೆ ಚೀನಾದ ಸುಂಕ ಮಾರ್ಚಿನಿಂದಲೇ ಇದೆ, ಈ ತಿಂಗಳು ಎಣ್ಣೆಕಾಳಿಗೂ ಬಂತು. ಅಂಗಡಿಗಳಲ್ಲಿ ಕೆನಡಾದ ಸಾಮಾನಿಗೆ ಬಾವುಟದಲ್ಲಿರುವ ಎಲೆಯ ಚಿತ್ರ ಅಂಟಿಸಿದ್ದಾರೆ, ಜನ ಹುಡುಕಿ ಅದನ್ನೇ ಕೊಳ್ಳುತ್ತಾರೆ. ಮೊನ್ನೆ ರೇಡಿಯೊದಲ್ಲಿ ಒಬ್ಬ ಅರ್ಥಶಾಸ್ತ್ರಜ್ಞೆ, ‘ಹೋದ ವಾರ ನಾನು ಇಲ್ಲಿ ಹೇಳಿದ ಒಂದು ಅಂಕಿ ತಪ್ಪು, ಸರಿಯಾದದ್ದು ಇದು’ ಎಂದು ಮಾತು ಶುರು ಮಾಡಿದಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದಳು. ಉಚ್ಚಂಗಪ್ಪನವರು ನೆನಪಾದರು.

ಈಗ ಓರೆಸ್ಟನಿಗೆ ಉಳಿದಿರುವ ದೊಡ್ಡ ಗಿರಾಕಿ ನಮ್ಮ ದೇಶ. ಅವನ ಹಳದಿ ಬಟಾಣಿಯನ್ನು ರಾತ್ರಿ ಹಗಲು ಹೊರುತ್ತಿದ್ದೇನೆ. ಸುರೇಶ ಮೊನ್ನೆ ಫೋನ್ ಮಾಡಿದ್ದ. ಅವನದೊಂದು ಯೂಟ್ಯೂಬ್ ಚಾನೆಲ್ಲಂತೆ, ಭಾರೀ ಜನ ನೋಡುತ್ತಾರಂತೆ. ನಮ್ಮ ಚಿಕ್ಕಪ್ಪನ ಮಗ ಇಷ್ಟು ಮಾತುಗಾರನಾದದ್ದು ಯಾವಾಗ?

ಬರೆಯಲು ಪುರುಸೊತ್ತಿಲ್ಲ. ಕಣ್ಣು ಎಳೆಯುತ್ತಿದೆ.

ಹರ್ಷ


ಸೊರಬ
19 ಅಕ್ಟೋಬರ್ 2025

ಪ್ರೀತಿಯ ಹರ್ಷ,

ನಿಮ್ಮಲ್ಲಿ ಅಂಚೆಯವರ ಮುಷ್ಕರ, ಯಾವಾಗ ತಲುಪುತ್ತದೋ ಹೇಳಲಾಗದು ಎಂದರು ಇಲ್ಲಿಯ ಪೋಸ್ಟಾಫೀಸಿನಲ್ಲಿ. ಆದರೂ ಬರೆಯುತ್ತಿದ್ದೇನೆ. ಆ ದಿನ ಫೋನಿನಲ್ಲಿ ನಾನು ಕೂಗಾಡಿದ್ದಷ್ಟೇ ನಿನಗೆ ಗೊತ್ತು. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನೀನು ಸುರೇಶನಿಗೆ ಹೇಳಿದ್ದು ಇಷ್ಟೇ ತಾನೆ: ‘ಕಾಳು ತುಂಬ್ತಾ ಇದೀನಿ, ಎಲ್ಲ ಇಂಡಿಯಾಕ್ಕೇ ಹೋಗೋದು.’ ಅವನು ಕಾಳು ಅಂದರೆ ಮೆಕ್ಕೆಜೋಳ ಅಂದುಕೊಂಡ. ಇಲ್ಲಿ ಕಟಾವಿನ ಹೊತ್ತು. ಅದನ್ನೇ ವಿಡಿಯೊ ಮಾಡಿದ. ‘ಕೆನಡಾದಿಂದ ಜೋಳದ ಹಡಗು! ಬದುವಿನ ಸುದ್ದಿಯ ಹರ್ಷವರ್ಧನ ಖುದ್ದು ಹೇಳಿದ್ದು!’ ಹಿಂದೆ ಯಾವುದೋ ಬಂದರಿನ ಹಡಗಿನ ಚಿತ್ರ. ಶಿಕಾರಿಪುರದ ಒಬ್ಬ ದಲಾಲಿ ಆ ವಿಡಿಯೊ ಹಿಡಿದುಕೊಂಡೇ ಊರೂರು ತಿರುಗಿದ. ‘ಹಡಗು ಬಂತು ಅಂದ್ರೆ ನಿಮ್ಮ ಜೋಳ ಕೇಳೋರಿರಲ್ಲ, ಈಗಲೇ ಕೊಟ್ಬಿಡಿ.’ ಜನ ಹಸಿ ಜೋಳವನ್ನೇ ಸಿಕ್ಕಿದ ರೇಟಿಗೆ ತೂಗಿಸತೊಡಗಿದರು. ಯಾಕೆ ನಂಬಿದರು ಗೊತ್ತಾ? ನಿನ್ನ ಹೆಸರು ಕೇಳಿ ನಂಬಿದರು.

ನಾನು ಸುರೇಶನ ಮನೆಗೆ ಹೋದೆ. ‘ಅದು ಬಟಾಣಿ ಕಣೋ’ ಎಂದೆ. ಅವನ ಮುಖ ಬಿಳಿಚಿತು. ‘ತೆಗೆದುಬಿಡ್ತೀನಕ್ಕ.’ ‘ತೆಗೆದರೆ ಸಾಕಾ? ನೋಡಿದವರ ತಲೆಯಿಂದ ತೆಗೀತೀಯಾ?’ ಎಂದು ಕೇಳಿದೆ.

ಅಲ್ಲಿಂದ ಸೀದಾ ಶಿಕಾರಿಪುರಕ್ಕೆ ಹೋದೆ. ಉಚ್ಚಂಗಪ್ಪನವರ ಎದುರಿಗೇ ನಿನಗೆ ಫೋನ್ ಮಾಡಿದ್ದು. ನೀನು ಎಲ್ಲ ಹೇಳಿದೆ. ಫೋನ್ ಇಟ್ಟ ಮೇಲೆ ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತರು. ಫೋನಿನ ಮಾತನ್ನು ಇಷ್ಟು ವರ್ಷ ಅಚ್ಚು ಹಾಕದವರು. ಕಾಗದಕ್ಕೆ ಕಾಯೋಣವೆಂದರೆ ಅಂಚೆ ಇಲ್ಲ. ಅಷ್ಟರಲ್ಲಿ ಜೋಳವೆಲ್ಲ ದಲಾಲಿಯ ಪಾಲು. ಜೊತೆಗೆ ಆ ದಲಾಲಿಯ ಜಾಹೀರಾತು ಪತ್ರಿಕೆಯ ಹಿಂಬದಿ ಪುಟದಲ್ಲಿ ಪ್ರತಿ ವಾರ ಬರುತ್ತದೆ.

ಕೊನೆಗೆ, ‘ಬರ್ಕ ನಾಗವೇಣಿ’ ಎಂದರು. ನಾನು ಬರೆದುಕೊಂಡೆ. ಅದೇ ದಿನ ಒಂದು ಹಾಳೆಯಾಗಿ ಅಚ್ಚಾದದ್ದು ಇದು: ‘ಕೆನಡಾದಿಂದ ಜೋಳದ ಹಡಗು ಬರುತ್ತಿದೆ ಎಂದು ನಮ್ಮ ಹರ್ಷವರ್ಧನ ಹೇಳಿಲ್ಲ. ಅವರು ಸಾಗಿಸುತ್ತಿರುವುದು ಬಟಾಣಿ. ಇದನ್ನು ಅವರು ನನಗೆ ಫೋನಿನಲ್ಲಿ ಹೇಳಿದರು. ಅವರ ಕೈಬರಹ ನನ್ನ ಬಳಿ ಇಲ್ಲ. ಬಟಾಣಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಇದು ತಪ್ಪಾದರೆ ನನ್ನ ಮನೆಗೆ ಬಂದು ಕೇಳಿ. ಜೋಳದ ರೇಟು ಮುಂದೆ ಏರುತ್ತದೋ ಇಳಿಯುತ್ತದೋ ನನಗೆ ಗೊತ್ತಿಲ್ಲ. ಉಚ್ಚಂಗಪ್ಪ, ಸಂಪಾದಕ.’ ಕೆಳಗೆ ಮನೆಯ ವಿಳಾಸ.

‘ಸುರೇಶನ ಹೆಸರು ಹಾಕಲ್ವಾ?’ ಎಂದು ಕೇಳಿದೆ. ‘ಯಾಕವ್ವ? ಜನಕ್ಕೆ ಬೇಕಾಗಿರೋದು ಬಟಾಣಿ ಸುದ್ದಿ’ ಅಂದರು.

ಮರುದಿನ ಬೆಳಿಗ್ಗೆ ಉಚ್ಚಂಗಪ್ಪನವರೂ ನಾನೂ ಆಟೊಗೆ ಮೈಕು ಕಟ್ಟಿ ಹೊರಟೆವು. ಹೊರಡುವಾಗ ಸುರೇಶ ಬೈಕಿನಲ್ಲಿ ಬಂದ. ‘ನಾನೇ ಓದ್ತೀನ್ರೀ. ನನ್ನ ದನಿ ಜನಕ್ಕೆ ಗೊತ್ತದೆ’ ಎಂದ. ಉಚ್ಚಂಗಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸರಿದು ಜಾಗ ಕೊಟ್ಟರು.

ತಾಳಗುಂದದಲ್ಲಿ ರಸ್ತೆಯ ಮೇಲೆ ಹರಡಿದ್ದ ಜೋಳವನ್ನು ಮಾಳೇಶಣ್ಣ ಚೀಲಕ್ಕೆ ತುಂಬುತ್ತಿದ್ದ. ದಲಾಲಿಯ ಟ್ರ್ಯಾಕ್ಟರ್ ಪಕ್ಕದಲ್ಲೇ ನಿಂತಿತ್ತು. ಸುರೇಶ ಓದಿ ಮುಗಿಸಿದ. ಮಾಳೇಶಣ್ಣ ಕೇಳಿದ: ‘ಹಂಗಾರೆ ಕಾಯ್ಬೋದೇನ್ರೀ? ರೇಟು ಬರ್ತೈತಾ?’

‘ಹಡಗು ಸುಳ್ಳು. ಅಷ್ಟು ಗೊತ್ತು. ರೇಟಿಂದು ಗೊತ್ತಿಲ್ಲಪ್ಪ’ ಎಂದರು ಉಚ್ಚಂಗಪ್ಪನವರು.

‘ನಿಮ್ಗೇ ಗೊತ್ತಿಲ್ಲ ಅಂದ್ರೆ?’

‘ಗೊತ್ತಿಲ್ದೆ ಹೆಂಗೆ ಹೇಳ್ಲಿ ಮಾಳೇಶ? ನಿನ್ ಜೋಳ, ನಿನ್ ಮನಿ. ನೀನೇ ಯೋಚ್ನೆ ಮಾಡು.’

ಮಾಳೇಶಣ್ಣ ತುಂಬಿದ್ದ ಚೀಲವನ್ನು ಮತ್ತೆ ರಸ್ತೆಗೆ ಸುರಿದ. ಟ್ರ್ಯಾಕ್ಟರ್ ಖಾಲಿ ಹೋಯಿತು. ದಲಾಲಿಯ ಜಾಹೀರಾತು ಆ ವಾರವೇ ನಿಂತಿತು.

ನಿನ್ನ ಮೇಲೆ ರೇಗಿದೆ. ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ನಾಗವೇಣಿ


ಎಲ್ಮ್‌ಫೀಲ್ಡ್
9 ನವೆಂಬರ್ 2025

ಪ್ರೀತಿಯ ಅಕ್ಕ,

ಅಂಚೆ ಕುಂಟುತ್ತ ಶುರುವಾಗಿದೆ. ನಿನ್ನ ಕಾಗದ ನಿನ್ನೆ ಬಂತು. ಲಾರಿಯಲ್ಲೇ ಕೂತು ಓದಿದೆ, ಎರಡು ಸಲ. ಮೂರು ತಿಂಗಳಿನ ಹಿಂದೆ ನನ್ನ ಹೆಸರಿಗೆ ಶಿಕಾರಿಪುರದಲ್ಲಿ ಬೆಲೆಯಿದೆ ಎಂದರೆ ಹಿಗ್ಗುತ್ತಿದ್ದೆ. ಈಗ ಆ ಹೆಸರನ್ನು ಜೇಬಿನಲ್ಲಿ ಜೋಪಾನವಾಗಿಟ್ಟುಕೊಳ್ಳಬೇಕು ಅನಿಸುತ್ತಿದೆ.

ಇಲ್ಲೂ ಈಗ ಅಂಥದ್ದೇ ಆಗಿದೆ. ನಮ್ಮ ಭಾರತದ ಸರ್ಕಾರ ಹಳದಿ ಬಟಾಣಿಯ ಮೇಲೆ ಸುಂಕ ಹಾಕಿದೆ ಎಂದು ರೇಡಿಯೊ ಹೇಳಿತು. ಓರೆಸ್ಟನ ಅರ್ಧ ಬೆಳೆ ಇನ್ನೂ ಕಣಜದಲ್ಲಿದೆ. ಫೇಸ್‌ಬುಕ್ಕಿನ ಒಂದು ಪುಟದಲ್ಲಿ ಯಾವನೋ, ‘ಭಾರತದ ಒಳಗಿನ ಸುದ್ದಿ ನನಗಿದೆ. ತಿಂಗಳೊಳಗೆ ಸುಂಕ ತೆಗೆಯುತ್ತಾರೆ. ಯಾರೂ ಮಾರಬೇಡಿ’ ಎಂದು ಬರೆದಿದ್ದಾನೆ. ಕಾಫಿ ಅಂಗಡಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಓರೆಸ್ಟ್ ನಿನ್ನೆ ನನ್ನ ಲಾರಿಯ ಬಾಗಿಲಿಗೆ ಬಂದು ನಿಂತ. ‘ನಿನ್ನ ದೇಶ. ನೀನು ಹೇಳು’ ಎಂದ. ಏನಾದರೂ ಧೈರ್ಯದ ಮಾತು ಹೇಳಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು ಅಕ್ಕ. ನಿನ್ನ ಕಾಗದ ಓದಿರದಿದ್ದರೆ ಹೇಳಿಯೇ ಬಿಡುತ್ತಿದ್ದೆ. ‘ಕೇಳಿ ಹೇಳುತ್ತೇನೆ’ ಎಂದೆ.

ಉಚ್ಚಂಗಪ್ಪನವರನ್ನು ಕೇಳಿ ತಿಳಿಸು. ಫೋನಿನಲ್ಲಲ್ಲ, ಬರೆದೇ ಕಳಿಸಲಿ ಎನ್ನುತ್ತಾನೆ ಓರೆಸ್ಟ್. ನಿನ್ನ ಕಾಗದವನ್ನು ಅವನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದ್ದೆ.

ಹರ್ಷ


ಸೊರಬ
30 ನವೆಂಬರ್ 2025

ಪ್ರೀತಿಯ ಹರ್ಷ,

ಉಚ್ಚಂಗಪ್ಪನವರ ಕಾಗದ ಇದರ ಜೊತೆಗಿದೆ. ಅದನ್ನು ಬರೆಯಲು ಅವರು ಒಂದು ವಾರ ತೆಗೆದುಕೊಂಡರು. ಸರ್ಕಾರದ ಅಧಿಸೂಚನೆಯನ್ನು ನನ್ನಿಂದ ತೆಗೆಸಿ ಪ್ರಿಂಟ್ ಹಾಕಿಸಿ ಓದಿದರು. ಕಲಬುರಗಿಯ ತೊಗರಿ ಬೆಳೆಗಾರರಿಗೆ ಫೋನ್ ಮಾಡಿದರು.

ಇಲ್ಲಿಯ ಸುದ್ದಿ ಸಿಹಿಯಲ್ಲ. ಜೋಳದ ರೇಟು ಏರಲಿಲ್ಲ. ಎಲ್ಲ ಕಡೆ ಬೆಳೆ ಜಾಸ್ತಿ ಬಂದು ಇನ್ನೂ ಇಳಿಯಿತು. ಮಾಳೇಶಣ್ಣ ಕಾದು ಕಾದು, ದಲಾಲಿ ಹೇಳಿದ್ದಕ್ಕಿಂತ ಕಡಿಮೆಗೇ ಕೊಟ್ಟ. ಅವನಂತೆ ಕಾದವರು ಇನ್ನೂ ಹಲವರಿದ್ದಾರೆ. ಹೋದ ಸೋಮವಾರ ಅವರೆಲ್ಲ ಆಫೀಸಿನ ಮುಂದೆ ಬಂದರು. ನಾನು ಅಲ್ಲೇ ಇದ್ದೆ. ನಿಜ ಹೇಳುತ್ತೇನೆ, ಹೆದರಿದೆ. ‘ನಿಮ್ ಮಾತು ಕೇಳಿ ಕೆಟ್ವಿ’ ಎಂದು ಒಬ್ಬ ಕೂಗಿದ. ಉಚ್ಚಂಗಪ್ಪನವರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಸಮಜಾಯಿಷಿ ಏನೂ ಕೊಡಲಿಲ್ಲ. ‘ಬೈಯ್ರಿ. ಬರ್ರಿ ಅಂತ ನಾನೇ ವಿಳಾಸ ಕೊಟ್ಟಿದ್ದೆ’ ಅಂದರು.

ಆಗ ಹಿಂದಿನಿಂದ ಮಾಳೇಶಣ್ಣ ಮುಂದೆ ಬಂದ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನೇ. ಕೂಗಿದವನ ಕಡೆ ತಿರುಗಿ, ‘ಇವ್ರು ರೇಟು ಹೇಳಿದ್ರೇನೋ? ಗೊತ್ತಿಲ್ಲ ಅಂತ ಮೈಕಿನಾಗೆ ಹೇಳಿದ್ರು. ಹಡಗು ಸುಳ್ಳು ಅಂದ್ರು. ಹಡಗು ಬಂತಾ?’ ಎಂದು ಕೇಳಿದ.

ಕೂಗಿದವನು ಪಕ್ಕದವನ ಮುಖ ನೋಡಿದ.

‘ಹಡಗು ಬಂತೇನೋ? ಹೇಳು!’

‘ಇಲ್ಲ.’

‘ಮತ್ತೆ? ರೇಟಿನ ಜಗಳ ಸರ್ಕಾರದ ಜೊತೆ. ನಡೀರಿ, ತಾಲ್ಲೂಕಾಫೀಸಿಗೆ ಹೋಗನ.’

ಎಲ್ಲರೂ ಹೊರಟರು. ಉಚ್ಚಂಗಪ್ಪನವರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ. ನೀರು ಕುಡಿದು, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ‘ಅವ್ರ ಹಿಂದೆ ಹೋಗಿ ಬರ್ತೀನವ್ವ. ವರದಿ ಮಾಡ್ಬೇಕು’ ಎಂದು ಎದ್ದರು.

ಆ ಮನುಷ್ಯನ ಜೊತೆ ಕೆಲಸ ಮಾಡುತ್ತೇನೆ ಎಂದು ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ನಿನಗಲ್ಲದೆ ಯಾರಿಗೆ ಬರೆಯಲಿ.

ನಾಗವೇಣಿ


ಶಿಕಾರಿಪುರ
28 ನವೆಂಬರ್ 2025

ಶ್ರೀ ಓರೆಸ್ಟ್ ಅವರಿಗೆ, ಉಚ್ಚಂಗಪ್ಪನ ನಮಸ್ಕಾರಗಳು.

ತಾವು ಕೇಳಿದ ವಿಷಯ. ಸುಂಕ ನಿಜ. ನವೆಂಬರ್ ಒಂದರಿಂದ ಶೇಕಡ ಮೂವತ್ತು. ಅಕ್ಟೋಬರ್ ಮುಗಿಯುವುದರೊಳಗೆ ಹಡಗಿಗೆ ಏರಿದ ಮಾಲಿಗೆ ಇಲ್ಲ. ಇಷ್ಟನ್ನು ನಾನು ಸರ್ಕಾರದ ಅಧಿಸೂಚನೆಯಲ್ಲೇ ಓದಿದ್ದೇನೆ.

ಸುಂಕ ತಿಂಗಳೊಳಗೆ ಹೋಗುತ್ತದೆಯೇ ಎಂದರೆ, ನನಗೆ ಗೊತ್ತಿಲ್ಲ. ನಾನು ವಿಚಾರಿಸಿದವರಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು, ಯಾರು ಹೇಳಿದರು ಎಂದು ಕೇಳಿ ನೋಡಿ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹೊರಗಿನ ಬಟಾಣಿ ಬಂದು ತೊಗರಿಯ ಬೆಲೆ ಬಿದ್ದಿದೆ, ಸುಂಕ ಹಾಕಿ ಎಂದು ನಮ್ಮ ರಾಜ್ಯದ ಬೆಳೆಗಾರರು ಬಹಳ ದಿನದಿಂದ ಕೇಳುತ್ತಿದ್ದರು. ಅದು ನ್ಯಾಯವಾದ ಬೇಡಿಕೆ ಎಂದು ನನ್ನ ಪತ್ರಿಕೆಯಲ್ಲಿ ನಾನೇ ಬರೆದಿದ್ದೇನೆ. ಈಗಲೂ ನನ್ನ ಅಭಿಪ್ರಾಯ ಅದೇ. ಅದರಿಂದ ತಮಗೆ ನಷ್ಟವಾಗಿದೆ. ನನ್ನ ಉತ್ತರವನ್ನು ತೂಗಿ ನೋಡುವಾಗ ಇದೂ ತಮಗೆ ತಿಳಿದಿರಲಿ.

ತಮ್ಮ ಕಷ್ಟ ಬೇಗ ನೀಗಲಿ.

ಇಂತು,
ಉಚ್ಚಂಗಪ್ಪ


ಎಲ್ಮ್‌ಫೀಲ್ಡ್
11 ಜನವರಿ 2026

ಪ್ರೀತಿಯ ಅಕ್ಕ,

ಹೊಸ ವರ್ಷದ ಮೂರನೇ ದಿನ ಎರಡೂ ಕಾಗದ ಸೇರಿ ಬಂದವು. ಹೊರಗೆ ಉಗುಳಿದರೆ ಹೆಪ್ಪುಗಟ್ಟುವ ಚಳಿ. ಓರೆಸ್ಟನ ಅಡುಗೆಮನೆಯಲ್ಲಿ ಕೂತು ಉಚ್ಚಂಗಪ್ಪನವರ ಕಾಗದವನ್ನು ಒಂದೊಂದೇ ಸಾಲು ಇಂಗ್ಲಿಷಿಗೆ ಮಾಡಿ ಹೇಳಿದೆ.

‘ಗೊತ್ತಿಲ್ಲ’ ಎಂಬಲ್ಲಿಗೆ ಬಂದಾಗ ಅವನು ತಲೆಯಾಡಿಸಿದ. ತೊಗರಿಯ ಮಾತು ಬಂದಾಗ ನಾನು ತಡವರಿಸಿದೆ. ಆ ಭಾಗ ಬಿಟ್ಟುಬಿಡಲೇ ಅನಿಸಿತು. ಬಿಡಲಿಲ್ಲ. ಓದಿ ಮುಗಿಸಿ ಅವನ ಮುಖ ನೋಡಿದೆ. ಅವನು ಕಿಟಕಿಯ ಆಚೆ ಕಣಜವನ್ನೇ ನೋಡುತ್ತಿದ್ದ.

‘ಅಂದರೆ, ನನ್ನ ಬಟಾಣಿಗೆ ಸುಂಕ ಹಾಕಿ ಅಂದವನೇ ಇವನು?’

‘ಹೌದು.’

‘ಅದನ್ನು ನನಗೇ ಬರೆದು ಕಳಿಸಿದ್ದಾನೆ?’

‘ಹೌದು.’

ಅವನು ನಗತೊಡಗಿದ. ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, ‘ಈ ಎರಡು ತಿಂಗಳಲ್ಲಿ ನನ್ನ ಒಳ್ಳೆಯದಕ್ಕೇ ಹೇಳುತ್ತೇನೆ ಅಂದವರು ಊರು ತುಂಬ ಇದ್ದರು. ಇವನೊಬ್ಬನನ್ನು ನಂಬುತ್ತೇನೆ’ ಎಂದ.

ಸುಂಕ ಇನ್ನೂ ಹೋಗಿಲ್ಲ. ಓರೆಸ್ಟ್ ಕಾಯಲಿಲ್ಲ. ಕಣಜದಲ್ಲಿದ್ದುದರಲ್ಲಿ ಒಂದು ಪಾಲನ್ನು ಇಲ್ಲೇ ದನದ ಮೇವಿನವರಿಗೆ ಕಡಿಮೆಗೆ ಮಾರಿದ. ನಾನೇ ಸಾಗಿಸಿದೆ. ವಸಂತದಲ್ಲಿ ಬಟಾಣಿ ಕಡಿಮೆ ಮಾಡಿ ಗೋಧಿ ಹಾಕುತ್ತಾನಂತೆ. ನಷ್ಟವೇ. ಆದರೆ ಈಗ ಅವನು ದಿನಾ ಬೆಳಿಗ್ಗೆ ಫೋನ್ ಹಿಡಿದು ಆ ಪುಟ ನೋಡುತ್ತ ಕೂರುವುದಿಲ್ಲ. ಅಷ್ಟು ನೆಮ್ಮದಿ ಬಂದಿದೆ.

ಕಾಗದದ ಕೆಳಗಿದ್ದ ಹೆಸರನ್ನು ಸರಿಯಾಗಿ ಹೇಳಲು ಕಲಿಸು ಎಂದು ಹಟ ಹಿಡಿದ. ‘ಉಚಂಗಪಾ’ ಅಂದ. ಅಲ್ಲ ಎಂದೆ. ಒತ್ತು ಕೊಟ್ಟು ಹೇಳಿಸಿದೆ. ಲಾರಿಯಲ್ಲಿ ಪಕ್ಕ ಕೂತು ಉಗ್ರಾಣದವರೆಗೂ ಹೇಳಿಕೊಂಡೇ ಬಂದ. ಕೊನೆಗೆ ಬಂತು. ಆಮೇಲೆ ಆ ಕಾಗದದ ಕಥೆಯನ್ನು ಕಾಫಿ ಅಂಗಡಿಯಲ್ಲೆಲ್ಲ ಹೇಳಿದನಂತೆ.

ನಿನ್ನೆ ಕಾಫಿ ಅಂಗಡಿಗೆ ಹೋಗಿದ್ದೆ. ಟೋಪಿ ಹಾಕಿದ ರೈತರು ನಾಲ್ಕೈದು ಮೇಜಿನ ಸುತ್ತ ಕೂತಿದ್ದರು. ಒಬ್ಬ, ಮುಂದಿನ ತಿಂಗಳು ಬೆಲೆ ಖಂಡಿತ ಏರುತ್ತದೆ, ತನಗೆ ಪಕ್ಕಾ ಗೊತ್ತು ಎಂದು ಮೇಜು ಗುದ್ದಿ ಹೇಳುತ್ತಿದ್ದ. ಅವನು ಮಾತು ಮುಗಿಸುವ ಮೊದಲೇ ಆ ಕಪ್ಪು ಒರೆಸಿದ ಹೆಂಗಸು ಆಚೆ ಮೇಜಿನಿಂದ ಕೇಳಿದಳು: ‘ಉಚ್ಚಂಗಪ್ಪ ಏನಂತಾನೆ?’

ಎಲ್ಲರೂ ನಕ್ಕರು. ಹೇಳುತ್ತಿದ್ದವನು ತಡೆದ. ಟೋಪಿ ಸರಿಮಾಡಿಕೊಂಡು, ತನಗೆ ಹೇಳಿದ್ದು ತನ್ನ ಭಾವಮೈದ, ಅವನಿಗೆ ಯಾರು ಹೇಳಿದರೋ ಕೇಳಿಲ್ಲ ಎಂದ.

ಇದನ್ನು ಅವರಿಗೆ ತಿಳಿಸು ಅಕ್ಕ. ನಾನು ಕಣ್ಣಾರೆ ಕಂಡದ್ದು ಎಂದು ಹೇಳು. ಆದರೆ ತಮ್ಮ ಬಗ್ಗೆಯೇ ಇರುವುದನ್ನು ಅಚ್ಚು ಹಾಕಲು ಅವರು ಖಂಡಿತ ಒಪ್ಪುವುದಿಲ್ಲ.

ನಿನ್ನ ತಮ್ಮ,
ಹರ್ಷವರ್ಧನ